ಕುಸುಬಿಗೂ 24, ಕೇಸರಿಗೂ 24: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಕೇಸರಿ ಗಿಡದ ಬಗ್ಗೆ ಒಂದು ಸಣ್ಣ ಉತ್ತರ ಬರೆದಿದ್ದೆ. ಕೇಸರಿಯ ಪ್ರತಿ ಕೋಶದಲ್ಲಿ 24 ಕ್ರೋಮೋಸೋಮ್, ಅಂದರೆ ವರ್ಣತಂತು ಇರುತ್ತವೆ, ಅದು ಹುಟ್ಟಿ ಬಂದ ಕಾಡು ಗಿಡದಲ್ಲಿ 16 ಮಾತ್ರ, ಅದೇ ಕ್ರೋಕಸ್ ಕುಲದ ಬೇರೆ ಕಾಡು ಗಿಡಗಳಲ್ಲಿ 6ರಿಂದ 70ರವರೆಗೂ ಇವೆ ಅಂತ ಒಂದೇ ಸಾಲಲ್ಲಿ ಹೇಳಿ ಮುಂದಕ್ಕೆ ಹೋಗಿದ್ದೆ. ಆ ಸಾಲನ್ನೇ ಹಿಡಿದು ತುಂಬಾ ಜನ ಬರೆದಿದ್ದೀರಿ. ಹೆಚ್ಚಿನ ಪತ್ರಗಳು ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವೇ. ಹಾಗಾಗಿ ಈ ಸಲ ಪೂರ್ತಿ ಜಾಗ ಇದಕ್ಕೇ ಕೊಡುತ್ತಿದ್ದೇನೆ.

ಗಂಗಾವತಿಯಿಂದ: ಫೋನಿನಲ್ಲಿ 'ಅಸಲಿ ಕಾಶ್ಮೀರಿ ಕೇಸರಿ ಬೀಜ' ಅಂತ ಜಾಹೀರಾತು ಬರುತ್ತಿದೆ. ಕುಂಡದಲ್ಲೇ ಬೆಳೆಯಬಹುದಂತೆ. ತರಿಸಲಾ?

ತರಿಸಬೇಡಿ. ಕೇಸರಿಗೆ ಬೀಜವೇ ಆಗುವುದಿಲ್ಲ. ಕಾಶ್ಮೀರದ ಪಾಂಪೋರಿನಲ್ಲಾಗಲಿ, ಇರಾನಿನಲ್ಲಾಗಲಿ, ಸ್ಪೇನಿನಲ್ಲಾಗಲಿ ರೈತರು ನೆಡುವುದು ಗಡ್ಡೆ. ಹಳೇ ಗಡ್ಡೆಯ ಮೇಲೆ ಹೊಸ ಗಡ್ಡೆಗಳು ಹುಟ್ಟುತ್ತವೆ, ಅವನ್ನು ಕಿತ್ತು, ಬಿಡಿಸಿ, ಮತ್ತೆ ನೆಡುತ್ತಾರೆ. ಕೇಸರಿ ಬೆಳೆದಿರುವ ಅಷ್ಟೂ ಶತಮಾನ ಇದೇ ಕೆಲಸ ನಡೆದಿದೆ. ಆದ್ದರಿಂದ 'ಕೇಸರಿ ಬೀಜ' ಅಂತ ಯಾರು ಮಾರಿದರೂ, ಎಷ್ಟು ಚಂದದ ಪೊಟ್ಟಣದಲ್ಲಿ ಮಾರಿದರೂ, ಅದು ಕೇಸರಿಯದ್ದಲ್ಲ.

ಪೊಟ್ಟಣದಲ್ಲಿ ಬಿಳೀ, ನುಣುಪಾದ, ಗಟ್ಟಿ ಸಿಪ್ಪೆಯ, ಸೂರ್ಯಕಾಂತಿ ಬೀಜಕ್ಕಿಂತ ಸಣ್ಣ ಕಾಳು ಇದ್ದರೆ ಅದು ಕುಸುಬಿ. ನಮ್ಮ ಎರೆ ಹೊಲದಲ್ಲಿ ಹಿಂಗಾರಿಗೆ ಜೋಳದ ಜೊತೆ ಸಾಲು ಹಾಕುತ್ತಿದ್ದ ಅದೇ ಮುಳ್ಳಿನ ಗಿಡ. ಅದರ ಹೂವು ಒಣಗಿದರೆ ಕಿತ್ತಳೆ ಕೆಂಪು ಬಣ್ಣಕ್ಕೆ ಬರುತ್ತದೆ. ಅದನ್ನೇ ಕೇಸರಿಗೆ ಬೆರೆಸಿ ಮಾರುವುದು ಬಹಳ ಹಳೇ ದಂಧೆ.

ಗುರುತಿಸುವುದು ಸುಲಭ. ಒಂದು ಎಳೆಯನ್ನು ಬೆಚ್ಚನೆಯ ನೀರಿಗೆ ಹಾಕಿ, ಹತ್ತು ನಿಮಿಷ ಬಿಟ್ಟು, ಬಿಳೀ ತಟ್ಟೆಯ ಮೇಲೆ ಹರಡಿ ಭೂತಗನ್ನಡಿ ಹಿಡಿಯಿರಿ. ಕೇಸರಿಯ ಎಳೆ ಒಂದು ತುದಿಯಲ್ಲಿ ಸಪೂರ, ಇನ್ನೊಂದು ತುದಿಗೆ ಹೋಗ್ತಾ ಕಹಳೆ ಹಾಗೆ ಅರಳಿಕೊಂಡಿರುತ್ತದೆ, ಆ ಬಾಯಂಚು ಸಣ್ಣಗೆ ಹರಿದ ಹಾಗೆ ಕಾಣುತ್ತದೆ. ಕುಸುಬಿಯದ್ದು ಕೊಳವೆ, ತುದಿಯಲ್ಲಿ ಐದು ಸಣ್ಣ ಸೀಳು. ಒಮ್ಮೆ ಪಕ್ಕ ಪಕ್ಕ ಇಟ್ಟು ನೋಡಿದರೆ ಮತ್ತೆ ಯಾವತ್ತೂ ಮೋಸ ಹೋಗುವುದಿಲ್ಲ.

ಸಿಂಧನೂರಿನಿಂದ: ನಮ್ಮ ನೆಲ್ಲಿಗೂ 24 ಕ್ರೋಮೋಸೋಮ್ ಅಂತ ಮಗಳ ಪುಸ್ತಕದಲ್ಲಿ ಇದೆ. ನೆಲ್ಲು ತೆನೆ ತುಂಬಾ ಕಾಳು ಕಟ್ಟುತ್ತದೆ. ಕೇಸರಿಗೂ 24 ಅಂದಿರಿ. ಹಾಗಿದ್ದರೆ ಅದಕ್ಕೆ ಯಾಕೆ ಬೀಜ ಆಗುವುದಿಲ್ಲ?

ನನಗೆ ಬಂದ ಪತ್ರಗಳಲ್ಲಿ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಇದು. ನೆಲ್ಲಿಗೆ ಮಾತ್ರ ಅಲ್ಲ, ಸಿರುಗುಪ್ಪದ ಒಣಮೆಣಸಿನಕಾಯಿಗೂ 24, ಟೊಮೆಟೊಗೂ 24, ಮೇಲೆ ಹೇಳಿದ ಕುಸುಬಿಗೂ 24. ಇವೆಲ್ಲ ಕೈ ತುಂಬಾ ಬೀಜ ಕೊಡುತ್ತವೆ. ಕೇಸರಿ ಒಂದೂ ಕೊಡುವುದಿಲ್ಲ.

ಅಂದರೆ 24 ಅನ್ನುವ ಸಂಖ್ಯೆ ಒಂದರಿಂದಲೇ ಏನೂ ಗೊತ್ತಾಗುವುದಿಲ್ಲ. ಆ 24 ಹೇಗೆ ಕೂಡಿ ಬಂದಿದೆ ಅನ್ನುವುದನ್ನು ನೋಡಬೇಕು.

ನೆಲ್ಲಿನ 24 ಅಂದರೆ 12 ಜೋಡಿ. ತಾಯಿ ಕಡೆಯಿಂದ ಹನ್ನೆರಡು, ತಂದೆ ಕಡೆಯಿಂದ ಹನ್ನೆರಡು. ಪರಾಗ ಅಥವಾ ಅಂಡ ತಯಾರಾಗುವಾಗ ಪ್ರತಿ ಜೋಡಿಯ ಎರಡೂ ಒಂದಕ್ಕೊಂದು ಹತ್ತಿರ ಬಂದು, ಆಮೇಲೆ ಒಂದು ಈ ಕಡೆ, ಒಂದು ಆ ಕಡೆ ಹೋಗುತ್ತವೆ. ಎರಡೂ ಕಡೆ ಸರಿಯಾಗಿ ಹನ್ನೆರಡು. ಲೆಕ್ಕ ಚುಕ್ತಾ.

ಕೇಸರಿಯ 24 ಅಂದರೆ 8 ಬಗೆಯ ಕ್ರೋಮೋಸೋಮ್, ಪ್ರತಿಯೊಂದೂ ಮೂರು ಪ್ರತಿ. ಎಂಟು ಮೂರಲೆ ಇಪ್ಪತ್ನಾಲ್ಕು. ಒಂದು ನೊಗಕ್ಕೆ ಮೂರು ಎತ್ತು ಬಂದು ನಿಂತ ಹಾಗೆ: ಎರಡಕ್ಕೆ ಹೆಗಲು ಸಿಗುತ್ತದೆ, ಮೂರನೆಯದಕ್ಕೆ ಜಾಗ ಇಲ್ಲ. ಹಂಚಿಕೆ ಆಗುವಾಗ ಒಂದು ಕಡೆ ಎರಡು ಹೋದರೆ ಇನ್ನೊಂದು ಕಡೆ ಒಂದು ಹೋಗುತ್ತದೆ. ಯಾವ ಕಡೆಗೆ ಎರಡು ಅನ್ನುವುದು ಎಂಟು ಗುಂಪಿನಲ್ಲೂ ಬೇರೆ ಬೇರೆಯಾಗಿ ತೀರ್ಮಾನವಾಗುತ್ತದೆ. ಒಂದು ಪರಾಗಕ್ಕೆ ಸರಿಯಾಗಿ ಎಂಟೇ ಬರಬೇಕಾದರೆ, ಎರಡರಲ್ಲೊಂದು ಅವಕಾಶ ಅಂತಿರುವುದು ಎಂಟು ಸಲ ಬಿಡದೆ ಕೂಡಿ ಬರಬೇಕು. ಲೆಕ್ಕ ಹಾಕಿ ನೋಡಿ, 256ರಲ್ಲಿ 1. ಪೂರ್ತಿ 16 ಬರುವುದಕ್ಕೂ ಅಷ್ಟೇ ಅವಕಾಶ. ಉಳಿದ 254ರಲ್ಲಿ 9, 11, 13 ಅಂತ ಏನೇನೋ ಬಂದು ಕೂರುತ್ತದೆ. ಕೆಲವು ಬಗೆ ಎರಡು ಪ್ರತಿ, ಕೆಲವು ಒಂದೇ ಪ್ರತಿ. ಅಂಥ ಪರಾಗ ಹೆಚ್ಚಾಗಿ ಸುಕ್ಕುಗಟ್ಟಿ ಸಾಯುತ್ತದೆ. ಅಂಡದ ಕಡೆಯೂ ಇದೇ ಪಾಡು. ಎರಡೂ ಕಡೆ ಸರಿಯಾದದ್ದೇ ಸಿಕ್ಕಿ ಸೇರಬೇಕು ಅಂದರೆ ಆಗದ ಮಾತು.

ಮೂರು ಪ್ರತಿಯ ಗಿಡಗಳು ನಿಮಗೆ ಹೊಸವೇನಲ್ಲ. ಪಚ್ಚಬಾಳೆಯಲ್ಲಿ 33 ಕ್ರೋಮೋಸೋಮ್, ಹನ್ನೊಂದು ಮೂರಲೆ. ಅದಕ್ಕೇ ಬೀಜ ಇಲ್ಲ, ಕಂದು ನೆಡುತ್ತೇವೆ. ಅರಿಶಿನದಲ್ಲಿ 63, ಇಪ್ಪತ್ತೊಂದು ಮೂರಲೆ. ಅದಕ್ಕೂ ಗಡ್ಡೆಯೇ ಗತಿ. ನಿಮ್ಮ ಹಿತ್ತಲಲ್ಲಿ ಇವೆರಡೂ ಇದ್ದರೆ ಕೇಸರಿಯ ಕಥೆ ಅರ್ಧ ನಿಮ್ಮ ಕಣ್ಣೆದುರೇ ಇದೆ.

ರಾಯಚೂರಿನಿಂದ, ಕೃಷಿ ಪದವಿ ವಿದ್ಯಾರ್ಥಿನಿ: ಒಂದೇ ಕುಲದಲ್ಲಿ 6ರಿಂದ 70 ಅಂದರೆ ನಂಬುವುದು ಕಷ್ಟ. ಇಷ್ಟು ವ್ಯತ್ಯಾಸ ಹೇಗೆ ಬಂತು? ಉದಾಹರಣೆ ಕೊಟ್ಟು ವಿವರಿಸುತ್ತೀರಾ?

ಖಂಡಿತ. ಇದನ್ನು ಬರೆಯುವುದಕ್ಕೇ ನಾನು ಕಾಯುತ್ತಿದ್ದೆ.

ಮೊದಲು ಸಂಖ್ಯೆಗಳು. ಕ್ರೋಕಸ್ ಒಲಿವಿಯೇರಿ ಮತ್ತು ಕ್ರೋಕಸ್ ಕ್ಯಾಂಡಿಡಸ್‌ನಲ್ಲಿ 6. ಹಳದಿ ಹೂವಿನ ಕ್ರೋಕಸ್ ಫ್ಲಾವಸ್‌ನಲ್ಲಿ 8. ಆಂಗುಸ್ಟಿಫೋಲಿಯಸ್‌ನಲ್ಲಿ 12. ತೊಮಾಸಿನಿಯಾನಸ್‌ನಲ್ಲಿ 16. ಸೀಬೇರಿಯಲ್ಲಿ 22. ಬನಾಟಿಕಸ್‌ನಲ್ಲಿ 26. ಗ್ರೀಸಿನ ಬೋರಿಯಿಯಲ್ಲಿ 30. ನ್ಯೂಡಿಫ್ಲೋರಸ್‌ನಲ್ಲಿ 48. ಸ್ಪೇನ್, ಪೋರ್ಚುಗಲ್ ಬೆಟ್ಟಗಳ ಕಾರ್ಪೆಟಾನಸ್‌ನಲ್ಲಿ 64. ಟರ್ಕಿಯ ಮ್ಯಾಥ್ಯೂಯಿಯಲ್ಲಿ 70. ಹೂವು ನೋಡಿದರೆ ಎಲ್ಲಾ ಅಕ್ಕತಂಗಿಯರ ಹಾಗೇ ಕಾಣುತ್ತವೆ. ಆರು ದಳ, ಮೂರು ಕೇಸರ (ಪರಾಗ ಹೊರುವ ಕಡ್ಡಿಗಳು), ಹುಲ್ಲಿನಂಥ ಎಲೆ, ಹೆಚ್ಚಿನವುಗಳಲ್ಲಿ ಎಲೆಯ ನಡುವೆ ಒಂದು ಬಿಳೀ ಗೆರೆ. ಒಳಗಿನ ಲೆಕ್ಕ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗಿದೆ.

ಇನ್ನೂ ವಿಚಿತ್ರ ಅಂದರೆ ಒಂದೇ ಪ್ರಭೇದ ಅಂತ ಕರೆಯುತ್ತಿದ್ದ ಗಿಡದ ಒಳಗೇ ವ್ಯತ್ಯಾಸ. ಪಲ್ಲಾಸಿಯಲ್ಲಿ ಒಂದು ಕಡೆ 12, ಇನ್ನೊಂದು ಕಡೆ 14, ಮತ್ತೊಂದು ಕಡೆ 16. ಕ್ರಿಸಾಂತಸ್‌ನಲ್ಲಿ 8ರಿಂದ 20ರವರೆಗೆ ಎಣಿಸಿದ್ದಾರೆ. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಕ್ರಿಸ್ಟೀನ್ ಬ್ರೈಟನ್ 1970ರ ದಶಕದಲ್ಲಿ ಕೂತು ಒಂದೊಂದೇ ಕ್ರೋಕಸ್‌ನ ಬೇರಿನ ತುದಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಎಣಿಸಿದ ಕೆಲಸ ಇವತ್ತಿಗೂ ಈ ವಿಷಯಕ್ಕೆ ಅಡಿಪಾಯ. ಡಿಎನ್‌ಎ ಓದುವ ಯಂತ್ರ ಇಲ್ಲದ ಕಾಲದಲ್ಲಿ ಬರೀ ಕಣ್ಣು, ಬಣ್ಣ, ತಾಳ್ಮೆ ಇಟ್ಟುಕೊಂಡು ಮಾಡಿದ್ದು ಅದು.

ಈಗ ಕಾರಣಕ್ಕೆ ಬರೋಣ.

ಒಂದು, ಕ್ರೋಮೋಸೋಮ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಅಥವಾ ತುಂಡಾಗುತ್ತವೆ. ಎರಡು ಕ್ರೋಮೋಸೋಮ್ ಸೇರಿ ಒಂದಾದರೆ ಸಂಖ್ಯೆ ಇಳಿಯುತ್ತದೆ, ಒಳಗಿನ ಸಾಮಾನು ಬಹುಪಾಲು ಹಾಗೇ ಇರುತ್ತದೆ. ನಮ್ಮ ಮೈಯಲ್ಲೇ ಇದರ ಗುರುತಿದೆ. ಚಿಂಪಾಂಜಿಗೆ 48, ನಮಗೆ 46. ನಮ್ಮ ಎರಡನೇ ನಂಬರಿನ ಕ್ರೋಮೋಸೋಮ್ ಎರಡು ಹಳೇ ಕ್ರೋಮೋಸೋಮ್ ತುದಿಗೆ ತುದಿ ಸೇರಿ ಆದದ್ದು. ಹಾಲುಣಿಸುವ ಪ್ರಾಣಿಗಳಲ್ಲಿ ಇದರ ಪರಮಾವಧಿ ನಮ್ಮ ಪಶ್ಚಿಮಘಟ್ಟದ ಕಾಡುಕುರಿ: ಹೆಣ್ಣಿಗೆ 6, ಗಂಡಿಗೆ 7. ಅದರ ಚೀನೀ ಸಂಬಂಧಿಗೆ 46! ಕಡಿಮೆ ಸಂಖ್ಯೆಯ ಕ್ರೋಕಸ್‌ಗಳಲ್ಲೂ ಕ್ರೋಮೋಸೋಮ್‌ಗಳು ದಪ್ಪಗೆ ಉದ್ದಕ್ಕೆ ಇರುತ್ತವೆ. ಆರೇ ಇದ್ದರೂ ಆರೂ ದೊಡ್ಡವು. ಹೀಗೆ ಒಂದು ಎರಡು ಏರುತ್ತಾ ಇಳಿಯುತ್ತಾ ಹೋದದ್ದರಿಂದಲೇ 8, 10, 12, 14 ಅಂತ ಮೆಟ್ಟಿಲು ಮೆಟ್ಟಿಲಾಗಿ ಸಂಖ್ಯೆಗಳು ಸಿಗುತ್ತವೆ.

ಎರಡನೆಯದು ದುಪ್ಪಟ್ಟಾಗುವುದು. ಪರಾಗವೋ ಅಂಡವೋ ಅರ್ಧ ಆಗಬೇಕಾದಾಗ ಆಗದೆ, ಪೂರ್ತಿ ಸಂಖ್ಯೆಯನ್ನೇ ಹೊತ್ತುಕೊಂಡು ಹೋಗುವುದುಂಟು. ಅಂಥವು ಸೇರಿದರೆ ಮುಂದಿನ ಪೀಳಿಗೆಯಲ್ಲಿ ಸಂಖ್ಯೆ ಒಮ್ಮೆಲೇ ಜಿಗಿಯುತ್ತದೆ. 48, 64ರಂಥ ದೊಡ್ಡ ಸಂಖ್ಯೆಗಳ ಹಿಂದೆ ಇಂಥ ಜಿಗಿತ ಇದೆ.

ಮೂರನೆಯದು ಎರಡು ಪ್ರಭೇದ ಕೂಡುವುದು. ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಯುರೋಪಿನ ತೋಟಗಳ ಹಳದಿ ಕ್ರೋಕಸ್, 'ಗೋಲ್ಡನ್ ಯೆಲ್ಲೋ' ಅಂತ ಮಾರುತ್ತಾರೆ. ಅದರಲ್ಲಿ 14 ಇದೆ. ಎಲ್ಲಿಂದ ಬಂತು? ಫ್ಲಾವಸ್‌ನ 8ರ ಪೂರ್ತಿ ಕಂತು, ಆಂಗುಸ್ಟಿಫೋಲಿಯಸ್‌ನ 12ರಲ್ಲಿ ಅರ್ಧ, ಅಂದರೆ 6. ಎಂಟಕ್ಕೆ ಆರು ಕೂಡಿಸಿ. ಅದೇ ಜೋಡಿಯ ಇನ್ನೊಂದು ಮಗು 'ಸ್ಟೆಲ್ಲಾರಿಸ್', ಅದರಲ್ಲಿ 10: ನಾಲ್ಕು ಒಬ್ಬರಿಂದ, ಆರು ಇನ್ನೊಬ್ಬರಿಂದ. ಎರಡಕ್ಕೂ ಬೀಜ ಇಲ್ಲ. ಎರಡೂ ಕೇಸರಿಯ ಹಾಗೆ ಗಡ್ಡೆಯಿಂದಲೇ ಬದುಕಿವೆ. ಈ ಎರಡು ಸಂಖ್ಯೆಗಳನ್ನು ನಿಮ್ಮ ನೋಟ್ಸಿನಲ್ಲಿ ಬರೆದಿಟ್ಟುಕೊಳ್ಳಿ. ಇಷ್ಟು ಸ್ವಚ್ಛವಾಗಿ ಲೆಕ್ಕ ಬಿಡಿಸಿ ತೋರಿಸುವ ಗಿಡಗಳು ಕಡಿಮೆ.

ನಿಮಗೆ ರಾಯಚೂರಿನಲ್ಲಿ ಇದನ್ನು ಹತ್ತಿಯಲ್ಲಿ ಹೇಳಿದರೆ ಇನ್ನೂ ಬೇಗ ಹತ್ತುತ್ತದೆ. ಜವಾರಿ ಹತ್ತಿಗೆ 26. ಈಗ ಎಲ್ಲಾ ಕಡೆ ಇರುವ ಅಮೆರಿಕನ್ ಹತ್ತಿಗೆ 52. ಆ 52 ಹುಟ್ಟಿದ್ದು ಸುಮಾರು 10ರಿಂದ 20 ಲಕ್ಷ ವರ್ಷಗಳ ಹಿಂದೆ, ಹಳೇ ಜಗತ್ತಿನ ಒಂದು 26 ಮತ್ತು ಅಮೆರಿಕ ಖಂಡದ ಒಂದು 26 ಕೂಡಿದಾಗ. ಎರಡೂ ಕಡೆಯವಕ್ಕೆ ತಮ್ಮ ತಮ್ಮ ಜೋಡಿ ಸಿಕ್ಕಿತು, ಹಾಗಾಗಿ ಬೀಜ ಕಟ್ಟುತ್ತದೆ. ಆದರೆ ಜವಾರಿಯನ್ನೂ ಅಮೆರಿಕನ್ನನ್ನೂ ನೇರವಾಗಿ ಕೂಡಿಸಿದರೆ 13 ಮತ್ತು 26 ಸೇರಿ 39 ಬರುತ್ತದೆ, ಆ ಗಿಡ ಬಂಜೆ. ಆದರೆ 1972ರಲ್ಲಿ ಧಾರವಾಡದಲ್ಲಿ ಹತ್ತಿ ತಳಿ ವಿಜ್ಞಾನಿ ಕಟಾರ್ಕಿಯವರು ತಂದ ವರಲಕ್ಷ್ಮಿ ಹೈಬ್ರಿಡ್ ಹತ್ತಿಯಲ್ಲಿ ಕೂಡಿದ್ದು ಎರಡು ಬೇರೆ ಪ್ರಭೇದಗಳೇ ಆದರೂ ಎರಡಕ್ಕೂ 52 ಇದ್ದದ್ದರಿಂದ ಈ ತೊಂದರೆ ಬರಲಿಲ್ಲ.

ಕೊನೆಗೆ ಒಂದು ಸಣ್ಣ ವಿಷಯ. ಕ್ರೋಕಸ್‌ನಲ್ಲಿ ಕೆಲವು ಸಲ 19, 23 ಅಂತ ಬೆಸ ಸಂಖ್ಯೆ ಸಿಗುತ್ತವೆ. ಒಂದು ಕ್ರೋಮೋಸೋಮ್ ಹೆಚ್ಚೋ ಕಡಿಮೆಯೋ ಆಗಿದ್ದರೆ ಹೀಗಾಗುತ್ತದೆ. ಅದರ ಜೊತೆ 'ಬಿ ಕ್ರೋಮೋಸೋಮ್' ಅನ್ನುವ ಹೆಚ್ಚುವರಿ ತುಣುಕುಗಳೂ ಇವೆ. ಒಂದು ಗಿಡದಲ್ಲಿ ಇರುತ್ತವೆ, ಪಕ್ಕದ ಗಿಡದಲ್ಲಿ ಇರುವುದಿಲ್ಲ. ಇಲ್ಲದಿದ್ದರೂ ಗಿಡಕ್ಕೆ ಏನೂ ಕೊರತೆ ಇಲ್ಲ. ಎಣಿಸುವವರು ಇವನ್ನು ಬೇರೆ ತೆಗೆದಿಟ್ಟು ಲೆಕ್ಕ ಬರೆಯಬೇಕು.

ಮಸ್ಕಿಯಿಂದ, ಶಾಲಾ ಶಿಕ್ಷಕರು: ಕ್ರೋಮೋಸೋಮ್ ಜಾಸ್ತಿ ಇದ್ದಷ್ಟೂ ಜೀವಿ ಮುಂದುವರಿದದ್ದು ಅಂತ ಮಕ್ಕಳಿಗೆ ಹೇಳಬಹುದಾ?

ಬೇಡ. ಆಲೂಗಡ್ಡೆಗೆ 48, ನಮಗೆ 46. ಓಫಿಯೋಗ್ಲಾಸಮ್ ರೆಟಿಕ್ಯುಲೇಟಮ್ ಅನ್ನುವ, ಗೇಣುದ್ದವೂ ಸರಿಯಾಗಿ ಬೆಳೆಯದ ಜರೀಗಿಡಕ್ಕೆ ಸುಮಾರು 1260! ಮಕ್ಕಳಿಗೆ ಈ ಸಂಖ್ಯೆ ಹೇಳಿ, ಅವರೇ ಉತ್ತರ ಕೊಡುತ್ತಾರೆ.

ಯಲಬುರ್ಗಾದಿಂದ: ಕೇಸರಿ ಕಾಶ್ಮೀರದಲ್ಲೇ ಹುಟ್ಟಿದ್ದಲ್ವಾ? ನೀವು ಅದರ ಕಾಡು ಗಿಡ ಬೇರೆ ಕಡೆ ಇದೆ ಅಂತ ಬರೆದಿದ್ದೀರಿ.

ಕಾಶ್ಮೀರದ ಕೇಸರಿ ಹೆಸರುವಾಸಿ, 2020ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ಆದರೆ ಹುಟ್ಟಿದ್ದು ಅಲ್ಲಲ್ಲ. ಬೀಜವೇ ಇಲ್ಲದ ಗಿಡ ತಾನಾಗಿ ಅಷ್ಟು ದೂರ ಹೋಗುವುದಕ್ಕೆ ಆಗುವುದಿಲ್ಲ, ಗಡ್ಡೆಯನ್ನು ಯಾರೋ ಹೊತ್ತು ತಂದಿರಲೇಬೇಕು.

ಅದರ ಮೂಲದ ಬಗ್ಗೆ ನೂರು ವರ್ಷದಷ್ಟು ಕಾಲ ವಾದ ನಡೆದಿತ್ತು. ಎರಡು ಬೇರೆ ಪ್ರಭೇದ ಕೂಡಿ ಆಗಿದೆ ಅಂತ ಕೆಲವರು, ಒಂದೇ ಪ್ರಭೇದದಿಂದ ಬಂದಿದೆ ಅಂತ ಕೆಲವರು. 2019ರಲ್ಲಿ ಜರ್ಮನಿಯ ಎರಡು ತಂಡಗಳು ಬೇರೆ ಬೇರೆ ದಾರಿಯಲ್ಲಿ ಒಂದೇ ಉತ್ತರಕ್ಕೆ ಬಂದವು. ಒಂದು ತಂಡ ಡಿಎನ್‌ಎ ಓದಿ ಹೋಲಿಸಿತು. ಇನ್ನೊಂದು ತಂಡ ಕ್ರೋಮೋಸೋಮ್‌ಗಳ ಮೇಲೆ ಬಣ್ಣ ಬಣ್ಣದ ಹೊಳೆಯುವ ಗುರುತು ಅಂಟಿಸಿ, ಯಾವುದು ಯಾವುದರ ಪ್ರತಿ ಅಂತ ಕಣ್ಣಾರೆ ನೋಡಿತು. ಕೇಸರಿಯ ಮೂರೂ ಕಂತು ಒಂದೇ ಪ್ರಭೇದದ್ದು: ಗ್ರೀಸಿನ ಕ್ರೋಕಸ್ ಕಾರ್ಟ್‌ರೈಟಿಯಾನಸ್. ಅದಕ್ಕೆ 16, ಎಂಟು ಜೋಡಿ. ಅದರ ಒಂದು ಗಿಡದಿಂದ ಅರ್ಧವಾಗದ 16, ಇನ್ನೊಂದರಿಂದ ಸರಿಯಾದ 8, ಕೂಡಿ 24. ಡಿಎನ್‌ಎ ಹೆಚ್ಚು ಹತ್ತಿರ ಹೊಂದಿದ್ದು ಅಥೆನ್ಸ್ ಸುತ್ತಲಿನ ಆಟಿಕಾ ಪ್ರದೇಶದ ಗಿಡಗಳಿಗೆ.

ಆ ಕಾಡು ಗಿಡ ಇವತ್ತಿಗೂ ಅಲ್ಲಿನ ಕಲ್ಲುಗುಡ್ಡಗಳಲ್ಲಿ ಹೂ ಬಿಡುತ್ತದೆ, ಬೀಜವನ್ನೂ ಕಟ್ಟುತ್ತದೆ. ಅದರ ಕೆಂಪು ಎಳೆ ಕೇಸರಿಯದಕ್ಕಿಂತ ಗಿಡ್ಡ. ಮೂರನೇ ಕಂತು ಬಂದ ಗಿಡದಲ್ಲಿ ಎಳೆ ಉದ್ದವಾಯಿತು, ಬೀಜ ಹೋಯಿತು. ಯಾರೋ ಒಬ್ಬರು ಆ ಉದ್ದ ಎಳೆಯನ್ನು ಗಮನಿಸಿ ಗಡ್ಡೆ ಕಿತ್ತು ಜೋಪಾನ ಮಾಡದೇ ಇದ್ದಿದ್ದರೆ ಕೇಸರಿ ಅನ್ನುವುದು ಒಂದು ಗಿಡದ ಜೊತೆಗೇ ಮುಗಿದು ಹೋಗುತ್ತಿತ್ತು. ಈ ಮಾತು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ಸಂಡೂರಿನಿಂದ: ಇಲ್ಲಿನ ಬೆಟ್ಟದ ದಾರಿಯಲ್ಲಿ ಮೊದಲ ಮಳೆ ಹೊತ್ತಿಗೆ ಎಲೆಯೇ ಇಲ್ಲದೆ ನೆಲದಿಂದ ನೇರ ಎದ್ದ ಬಿಳಿ-ನೇರಳೆ ಹೂವು ನೋಡಿದೆ. ಕಾಡು ಕ್ರೋಕಸ್ ಇರಬಹುದಾ?

ಇಲ್ಲ. ಕಾಡು ಕ್ರೋಕಸ್‌ಗಳ ನಾಡು ಪೋರ್ಚುಗಲ್, ಮೊರಾಕೊದಿಂದ ಹಿಡಿದು ಮೆಡಿಟರೇನಿಯನ್ ಸುತ್ತ, ಟರ್ಕಿ, ಇರಾನ್, ಮಧ್ಯ ಏಷ್ಯಾ ದಾಟಿ ಚೀನಾದ ಪಶ್ಚಿಮ ಅಂಚಿನವರೆಗೆ. 1982ರಲ್ಲಿ ಬ್ರಯನ್ ಮ್ಯಾಥ್ಯೂ ಇಡೀ ಕುಲವನ್ನು ಪರಿಶೀಲಿಸಿದಾಗ ಸುಮಾರು 80 ಪ್ರಭೇದ ಇತ್ತು. ಆಮೇಲೆ ಕ್ರೋಮೋಸೋಮ್, ಡಿಎನ್‌ಎ ಎರಡನ್ನೂ ಇಟ್ಟುಕೊಂಡು ನೋಡಿದಾಗ ಒಂದೇ ಅಂದುಕೊಂಡವು ಎಷ್ಟೋ ಬೇರೆಯಾದವು, ಈಗ 200 ದಾಟಿದೆ. ಅದರಲ್ಲಿ ಯಾವುದೂ ಕರ್ನಾಟಕದ ಕಾಡಿನದ್ದಲ್ಲ.

ನೀವು ನೋಡಿದ್ದು ಶುಂಠಿ ಬಳಗದ ನೆಲಸಂಪಿಗೆ ಇರಬಹುದು. ಮುಂದಿನ ಸಲ ಕೀಳದೆ, ಬಗ್ಗಿ ಕೇಸರ ಎಣಿಸಿ. ಕ್ರೋಕಸ್ ಆದರೆ ಮೂರು. ಶುಂಠಿ ಬಳಗ ಆದರೆ ಪರಾಗ ಕೊಡುವುದು ಒಂದೇ. ಇನ್ನೊಂದು ವಿಶೇಷ ಹೇಳುತ್ತೇನೆ. ಕ್ರೋಕಸ್‌ನಲ್ಲಿ ನೆಲದ ಮೇಲೆ ಕಾಣುವ ಬಿಳೀ ದಂಟು ನಿಜವಾಗಿ ದಂಟಲ್ಲ, ಹೂವಿನದೇ ಉದ್ದ ಕೊಳವೆ. ಅಂಡಾಶಯ ಮಣ್ಣಿನ ಕೆಳಗೆ, ಗಡ್ಡೆಯ ಪಕ್ಕದಲ್ಲೇ ಅಡಗಿರುತ್ತದೆ. ಬೀಜ ಬಲಿತ ಮೇಲೆ ಕಾಯಿ ನೆಲದ ಮೇಲಕ್ಕೆ ಬರುತ್ತದೆ.

ಹೇಳಲೇಬೇಕಾದ ಎಚ್ಚರಿಕೆ: ಯುರೋಪಿನಲ್ಲಿ 'ಶರತ್ಕಾಲದ ಕ್ರೋಕಸ್' ಅಂತ ಕರೆಯುವ ಕೋಲ್ಚಿಕಮ್ ಕ್ರೋಕಸ್ಸೇ ಅಲ್ಲ. ಅದಕ್ಕೆ ಆರು ಕೇಸರ, ಇಡೀ ಗಿಡ ವಿಷ. ಅದರ ಬಳಗದ್ದೇ ನಮ್ಮ ಬೇಲಿಯ ಗೌರಿ ಹೂವು, ಅಗ್ನಿಶಿಖೆ ಅಂತಲೂ ಕರೆಯುತ್ತೇವಲ್ಲ, ಅದು. ಎರಡರಲ್ಲೂ ಇರುವ ವಿಷ ಕೋಲ್ಚಿಸಿನ್. ಅದರ ಗಡ್ಡೆಯನ್ನು ಮನೆಮದ್ದು ಅಂತ ಬಾಯಿಗೆ ಹಾಕಲೇಬೇಡಿ, ಜೀವ ಹೋಗುತ್ತದೆ.

ಕುಷ್ಟಗಿಯಿಂದ: ಮೂರು ಪ್ರತಿ ಇರುವುದೇ ತೊಂದರೆ ಅಂದರೆ, ದುಪ್ಪಟ್ಟು ಮಾಡಿ 48 ಮಾಡಿದರೆ ಕೇಸರಿಗೆ ಬೀಜ ಬರುತ್ತದಾ?

ಸರಿಯಾದ ದಿಕ್ಕಿನಲ್ಲೇ ಯೋಚಿಸಿದ್ದೀರಿ. ಈಗ ಹೇಳಿದ ಕೋಲ್ಚಿಸಿನ್ ಇಲ್ಲೇ ಕೆಲಸಕ್ಕೆ ಬರುತ್ತದೆ. ಕೋಶ ಎರಡಾಗುವಾಗ ಕ್ರೋಮೋಸೋಮ್‌ಗಳನ್ನು ಎರಡು ಕಡೆಗೆ ಎಳೆಯುವ ನೂಲುಗಳಿವೆ. ಕೋಲ್ಚಿಸಿನ್ ಆ ನೂಲು ಕಟ್ಟದ ಹಾಗೆ ಮಾಡುತ್ತದೆ. ಕ್ರೋಮೋಸೋಮ್ ದುಪ್ಪಟ್ಟಾಗಿರುತ್ತವೆ, ಆದರೆ ಕೋಶ ಎರಡಾಗುವುದಿಲ್ಲ. ಹೀಗೆ ಗಿಡಗಳ ಸಂಖ್ಯೆ ದುಪ್ಪಟ್ಟು ಮಾಡಬಹುದು ಅಂತ 1937ರಲ್ಲೇ ಗೊತ್ತಾಯಿತು. ಕೇಸರಿಯ ಮೇಲೂ ಪ್ರಯೋಗ ಮಾಡಿದ್ದಾರೆ. ಬೀಜದಿಂದ ಬೆಳೆಯುವ ಕೇಸರಿ ತಳಿ ಮಾತ್ರ ರೈತರ ಕೈಗೆ ಬಂದಿಲ್ಲ. 48 ಆದರೆ ಪ್ರತಿ ಬಗೆಯೂ ಆರಾರು ಪ್ರತಿ ಆಗುತ್ತದೆ. ಆರು ಅಂದರೆ ಸಮ ಸಂಖ್ಯೆ, ಹಂಚಬಹುದು ನಿಜ. ಆದರೆ ಆರೂ ಒಂದೇ ಥರ ಇರುವಾಗ ಜೋಡಿ ಜೋಡಿಯಾಗಿ ನಿಲ್ಲದೆ ಮೂರು ನಾಲ್ಕು ಒಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತವೆ.

ನನಗೆ ಇನ್ನೊಂದು ದಾರಿ ಹೆಚ್ಚು ಸರಿ ಅನ್ನಿಸುತ್ತದೆ. ಬೀಜವಿಲ್ಲದ ಕಲ್ಲಂಗಡಿ ಹೇಗೆ ಮಾಡುತ್ತಾರೆ ನೋಡಿ. ಸಾಮಾನ್ಯ ಕಲ್ಲಂಗಡಿಗೆ 22. ಕೋಲ್ಚಿಸಿನ್ ಕೊಟ್ಟು 44ರ ತಾಯಿ ಮಾಡಿಕೊಂಡು, ಅದಕ್ಕೆ 22ರ ಪರಾಗ ಹಾಕಿದರೆ 33ರ ಬೀಜ ಸಿಗುತ್ತದೆ. ಆ ಬೀಜದಿಂದ ಬಂದ ಬಳ್ಳಿಯ ಹಣ್ಣಿನಲ್ಲಿ ಬೀಜ ಇರುವುದಿಲ್ಲ. ಜಪಾನಿನ ಹಿತೋಶಿ ಕಿಹರಾ ಕಳೆದ ಶತಮಾನದ ನಡುಭಾಗದಲ್ಲಿ ತೋರಿಸಿಕೊಟ್ಟ ದಾರಿ ಇದು. ಕೇಸರಿಯ ಹೆತ್ತವರು ಯಾರು ಅಂತ ಈಗ ಗೊತ್ತಿದೆ. ಕಾಡಿನ 16ರಲ್ಲಿ ಒಳ್ಳೊಳ್ಳೆಯ ಗಿಡ ಆರಿಸಿ, 32 ಮಾಡಿ, ಮತ್ತೆ 16ರ ಜೊತೆ ಕೂಡಿಸಿದರೆ ಹೊಸ 24 ಹುಟ್ಟಬಹುದು. ಇದು ಮುಖ್ಯ ಯಾಕೆಂದರೆ ಈಗಿರುವ ಕೇಸರಿ ಎಲ್ಲಾ ಒಂದೇ ಗಿಡದ ತುಂಡುಗಳಿದ್ದ ಹಾಗೆ. ಗಡ್ಡೆ ಕೊಳೆರೋಗ ಬಂದರೆ ತಡೆದುಕೊಳ್ಳುವ ಬೇರೆ ತಳಿ ಹುಡುಕಿ ತರಲು ದಾರಿಯೇ ಇಲ್ಲ. ಅದಕ್ಕೇ ಗ್ರೀಸಿನ ಗುಡ್ಡದ ಕಾಡು ಕ್ರೋಕಸ್ ಉಳಿಯಬೇಕು.

ಕೊಪ್ಪಳದಿಂದ: ಎಸಿ ಕೋಣೆಯಲ್ಲಿ ಕೇಸರಿ ಬೆಳೆದರೆ ಲಾಭ ಇದೆಯಾ?

ಹೂವು ಬರುತ್ತದೆ, ಲಾಭದ ಮಾತು ಬೇರೆ. ಬೇಸಿಗೆಯಲ್ಲಿ ಗಡ್ಡೆ ಮಲಗಿರುವಾಗ ಒಳಗೆ ಮೊಗ್ಗು ಕಟ್ಟುವುದಕ್ಕೆ 23ರಿಂದ 27 ಡಿಗ್ರಿ ಬೇಕು, ಹೂವು ಹೊರಗೆ ಬರುವುದಕ್ಕೆ 17ರ ಆಸುಪಾಸು. ನಮ್ಮಲ್ಲಿ ಏಪ್ರಿಲ್‌ನಲ್ಲಿ 40 ದಾಟುತ್ತದೆ, ಕರೆಂಟ್ ಬಿಲ್ ನೀವೇ ಲೆಕ್ಕ ಹಾಕಿ. ಒಂದು ಗ್ರಾಂ ಒಣ ಕೇಸರಿಗೆ ಸುಮಾರು 150 ಹೂವು ಬಿಡಿಸಬೇಕು. ಹೂ ಮುಗಿದ ಮೇಲೆ ಗಡ್ಡೆ ಮತ್ತೆ ದಪ್ಪ ಆಗಬೇಕಾದರೆ ತಿಂಗಳುಗಟ್ಟಲೆ ಒಳ್ಳೆ ಬೆಳಕು, ಚಳಿ ಬೇಕು. ಅದು ಸಿಗದಿದ್ದರೆ ಮುಂದಿನ ವರ್ಷ ಮತ್ತೆ ದುಡ್ಡು ಕೊಟ್ಟು ಗಡ್ಡೆ ತರಿಸಬೇಕು. ಸಾಲ ಮಾಡಿ ಇದಕ್ಕೆ ಇಳಿಯಬೇಡಿ ಅಂತ ಕೈ ಮುಗಿದು ಕೇಳುತ್ತೇನೆ.

ಬಳ್ಳಾರಿಯಿಂದ, ಬಿಎಸ್ಸಿ ವಿದ್ಯಾರ್ಥಿ: ಕ್ರೋಮೋಸೋಮ್ ಎಣಿಸುವುದನ್ನು ನಮ್ಮ ಕಾಲೇಜಿನ ಲ್ಯಾಬಿನಲ್ಲೇ ಮಾಡಬಹುದಾ? ಕ್ರೋಕಸ್ ಸಿಗುವುದಿಲ್ಲವಲ್ಲ.

ಕ್ರೋಕಸ್ ಬೇಕಿಲ್ಲ, ಉಳ್ಳಾಗಡ್ಡಿ ಸಾಕು. ಅದಕ್ಕೂ ಕಾರ್ಟ್‌ರೈಟಿಯಾನಸ್‌ನಷ್ಟೇ, 16. ದೊಡ್ಡ ಕ್ರೋಮೋಸೋಮ್‌ಗಳು, ಚೆನ್ನಾಗಿ ಕಾಣುತ್ತವೆ.

ಒಣ ಬೇರು ಕೆರೆದು ತೆಗೆದ ಉಳ್ಳಾಗಡ್ಡಿಯನ್ನು ನೀರು ತುಂಬಿದ ಲೋಟದ ಬಾಯಿ ಮೇಲೆ, ತಳ ಮಾತ್ರ ನೀರಿಗೆ ತಾಗುವ ಹಾಗೆ ಕೂರಿಸಿ. ಎರಡು ಮೂರು ದಿನಕ್ಕೆ ಬಿಳೀ ಬೇರು ಇಳಿಯುತ್ತವೆ. ಬೆಳಿಗ್ಗೆ ತುದಿಯ ಒಂದು ಸೆಂಟಿಮೀಟರ್ ಕತ್ತರಿಸಿ. ಒಂದಷ್ಟು ಗಂಟೆ ಐಸ್ ನೀರಿನಲ್ಲಿ ಇಟ್ಟರೆ ಎಣಿಸಲು ಬರುವ ಹಂತದ ಕೋಶಗಳು ಜಾಸ್ತಿ ಸಿಗುತ್ತವೆ. ಆಮೇಲೆ ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಮ್ಲ ಬೆರೆಸಿದ ದ್ರಾವಣದಲ್ಲಿ ಒಂದು ದಿನ ಇಡಿ. ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 60 ಡಿಗ್ರಿಯಲ್ಲಿ ಕೆಲವು ನಿಮಿಷ ಬಿಸಿ ಮಾಡಿದರೆ ಬೇರು ಮೆತ್ತಗಾಗುತ್ತದೆ. ಆಮ್ಲದ ಕೆಲಸ ಮೇಷ್ಟ್ರು ಪಕ್ಕದಲ್ಲಿದ್ದಾಗ ಮಾತ್ರ.

ಈಗ ತುದಿಯ ಒಂದೆರಡು ಮಿಲಿಮೀಟರ್ ಮಾತ್ರ ಗಾಜಿನ ಮೇಲೆ ಇಡಿ, ಉಳಿದದ್ದು ಎಸೆಯಿರಿ. ಕೋಶ ಒಂದು ಎರಡಾಗುವುದು ಅಲ್ಲೇ. ಒಂದು ಹನಿ ಅಸಿಟೋಕಾರ್ಮಿನ್, ಮೇಲೆ ತೆಳು ಗಾಜು. ಬೆಂಕಿಕಡ್ಡಿಯ ಹಿಂದುಗಡೆಯಿಂದ ಮೆಲ್ಲಗೆ ತಟ್ಟಿ. ಬೇರು ಮೋಡದ ಹಾಗೆ ಹರಡುವುದು ಕಾಣುತ್ತದೆ. ಸೋಸುವ ಕಾಗದ ಮುಚ್ಚಿ ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತಿ. ಗಾಜು ಜಾರಿತೋ, ಕೋಶಗಳೆಲ್ಲ ಉರುಳಿ ಹಾಳಾಗುತ್ತವೆ.

ಜೊತೆಗೆ ಬಳ್ಳೊಳ್ಳಿಯ ಬೇರನ್ನೂ ಹೀಗೇ ಮಾಡಿ. ಅದಕ್ಕೂ 16, ಎಂಟು ಜೋಡಿ. ಉಳ್ಳಾಗಡ್ಡಿ ಬೀಜ ಕೊಡುತ್ತದೆ, ಬಳ್ಳೊಳ್ಳಿ ಸಾಮಾನ್ಯವಾಗಿ ಕೊಡುವುದಿಲ್ಲ, ಎಸಳು ನೆಡುತ್ತೇವೆ. ಅಂದರೆ ಬೀಜ ಇಲ್ಲ ಅಂದ ಕೂಡಲೇ ಮೂರು ಪ್ರತಿ ಅಂತ ತೀರ್ಮಾನಿಸಬಾರದು. ಬಳ್ಳೊಳ್ಳಿಯ ತೊಂದರೆ ಹೂವಿನಲ್ಲಿದೆ. ಹೂಗೊಂಚಲಲ್ಲಿ ಹುಟ್ಟುವ ಪುಟ್ಟ ಗಡ್ಡೆಗಳು ಹೂವಿನ ಜಾಗ ಕಿತ್ತುಕೊಳ್ಳುತ್ತವೆ, ಪರಾಗವೂ ಸರಿಯಾಗಿ ಬಲಿಯುವುದಿಲ್ಲ.

ಒಂದೇ ಕೋಶ ನೋಡಿ ಸಂಖ್ಯೆ ಬರೆಯಬೇಡಿ. ಒಂದರ ಮೇಲೊಂದು ಬಿದ್ದರೆ 15 ಕಾಣುತ್ತದೆ, ಪಕ್ಕದ ಕೋಶದ್ದು ಜಾರಿ ಬಂದರೆ 17. ಹತ್ತು ಹದಿನೈದು ಕೋಶ ಎಣಿಸಿ, ಪ್ರತಿಯೊಂದರ ಚಿತ್ರ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ಎಲ್ಲಾ ಚಿತ್ರಗಳಲ್ಲೂ ಹೆಚ್ಚು ಸಲ ಬಂದದ್ದನ್ನೇ ರೆಕಾರ್ಡಿಗೆ ಹಾಕಿ.